ಗುಡ್ಡಕ್ಕೂ ಡಾಂಬರಿಗೂ ಒಂದೇ ಸೈಕಲ್ಲು

ಹತ್ತನೆಯ ತರಗತಿ ಮುಗಿದೊಡನೆ ಮನೆಯಲ್ಲಿ ಹುಟ್ಟುವ ಬೇಡಿಕೆಗಳಲ್ಲಿ ದಪ್ಪ ಟೈರಿನ ಗೇರ್ ಸೈಕಲ್ಲು ಮೊದಲನೆಯದು. ಅದು ಮನಸ್ಸಿಗೆ ಬಾರದೆ ಹೋದರೆ ಮುಂದಿನ ಬೇಡಿಕೆ ಮೋಟಾರ್ ಸೈಕಲ್ಲಿನದೇ. 2019ರ ತಿದ್ದುಪಡಿಯಾದಂದಿನಿಂದ ಅಪ್ರಾಪ್ತ ವಯಸ್ಸಿನ ಮಕ್ಕಳು ವಾಹನ ನಡೆಸಿ ಅಪರಾಧವೆಸಗಿದಲ್ಲಿ ಪಾಲಕರಿಗೆ 25,000 ರೂಪಾಯಿ ದಂಡ ಹಾಗೂ ಮೂರು ವರ್ಷಗಳವರೆಗಿನ ಸೆರೆವಾಸಕ್ಕೆ ಮೋಟಾರು ವಾಹನ ಕಾಯಿದೆಯಲ್ಲಿ ಅವಕಾಶವಿದೆ. ಆದುದರಿಂದ ಸೈಕಲ್ಲಿನ ಆಯ್ಕೆಯನ್ನು ಹುಡುಗಾಟಿಕೆಯ ಮಾತೆಂದು ತಂದೆತಾಯಿಗಳು ತಳ್ಳಿಹಾಕುವಂತಿಲ್ಲ. ತಿಳಿದು ಕೊಂಡ ಸೈಕಲ್ಲನ್ನು ಮಕ್ಕಳು ವರ್ಷಗಟ್ಟಲೆ ಉಲ್ಲಾಸದಿಂದ ತುಳಿಯುತ್ತಾರೆ. ಬಣ್ಣಕ್ಕೆ ಮರುಳಾಗಿ ಕೊಂಡದ್ದು ಎರಡೇ ತಿಂಗಳಲ್ಲಿ ಪಡಸಾಲೆಯ ಮೂಲೆ ಸೇರುತ್ತದೆ.

ಮೌಂಟನ್ ಬೈಕ್ ಎಂದು ಅಂಗಡಿಯವರು ಕರೆಯುವ ಈ ಸೈಕಲ್ಲು 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಟಮಾಲ್‌ಪೈಸ್ ಬೆಟ್ಟದ ಆಸುಪಾಸಿನಲ್ಲಿ ರೂಪುಗೊಂಡಿತು. ಅಲ್ಲಿಯ ತರುಣರು ಹಳೆಯ ಕಾಲದ ದಪ್ಪ ಟೈರಿನ ಸೈಕಲ್ಲುಗಳನ್ನೇರಿ ಮಣ್ಣಿನ ಇಳಿಜಾರುಗಳಲ್ಲಿ ಧಾವಿಸುತ್ತಿದ್ದರು. ಹಿಂಬದಿಯ ಬ್ರೇಕು ಕಾದು ಒಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತಂತೆ! 1977ರಲ್ಲಿ ಜೋ ಬ್ರೀಝ್ ಎಂಬವರು ಇಂಥ ಸವಾರಿಗೆಂದೇ ಹೊಸ ಫ್ರೇಮು ಕಟ್ಟಿದರು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಅದು ಪದಕದ ಸ್ಪರ್ಧೆಯೂ ಆಯಿತು. ಬ್ರೀಝ್ ಅವರ ಆ ಸೈಕಲ್ಲಿನಲ್ಲಿ ಸ್ಪ್ರಿಂಗುಗಳಿರಲಿಲ್ಲ ಎಂಬ ಸಂಗತಿಯನ್ನು ಅಂಗಡಿಗೆ ಹೋಗುವ ಮುನ್ನ ನೆನಪಿನಲ್ಲಿರಿಸಿಕೊಳ್ಳುವುದು ಒಳ್ಳೆಯದು.

ಮೊದಲು ಅಳೆಯಬೇಕಾದುದು ಮಕ್ಕಳು ಸಾಗುವ ದಾರಿಯನ್ನು. ಕಾಲೇಜು ಆರು ಕಿಲೋಮೀಟರ್ ದೂರವಿದ್ದರೆ ವಾರದ ಆರು ದಿನಗಳಲ್ಲಿ ಹೋಗಿಬರಲು 72 ಕಿಲೋಮೀಟರ್ ಡಾಂಬರು ರಸ್ತೆಯಾಯಿತು. ರವಿವಾರ ಹೊಲಕ್ಕೋ ಗುಡ್ಡಕ್ಕೋ ಹೋಗುವ ಬಂಡಿ ಜಾಡು 12 ಕಿಲೋಮೀಟರ್ ಎಂದಿಟ್ಟುಕೊಳ್ಳಿ. ಏಳರಲ್ಲಿ ಆರು ಪಾಲು ಡಾಂಬರೇ! ಹುಡುಗರ ಕನಸೆಲ್ಲ ಉಳಿದ ಒಂದು ಪಾಲಿನಲ್ಲಿರುವುದು ಸಹಜ. ಆದರೆ ದಿನವೂ ಕಾಲು ನೋಯುವುದು ಆರು ಪಾಲಿನಲ್ಲಿ.

ಇದಕ್ಕೆ ಪರಿಹಾರ ಬಹುಮಟ್ಟಿಗೆ ಟೈರಿನಲ್ಲಿಯೇ ಇದೆ. ದೊಡ್ಡ ದೊಡ್ಡ ಗುಬಟುಗಳಿರುವ ಟೈರು ಸಡಿಲ ಮಣ್ಣನ್ನು ಕಚ್ಚಿ ಹಿಡಿಯುತ್ತದೆ ನಿಜ. ಡಾಂಬರಿನ ಮೇಲೆ ಅದೇ ಟೈರು ಗುಂಯ್ಗುಟ್ಟುತ್ತ ಸವಾರನ ಶಕ್ತಿಯನ್ನು ಹೀರುತ್ತದೆ, ಬೇಗನೆ ಸವೆಯುತ್ತದೆ. ನಡುಭಾಗ ನುಣುಪಾಗಿದ್ದು ಅಂಚುಗಳಲ್ಲಿ ಮಾತ್ರ ಗುಬಟುಗಳಿರುವ, ಎರಡು ಇಂಚಿನ ಆಸುಪಾಸು ಅಗಲದ ಟೈರು ಎರಡೂ ಬಗೆಯ ದಾರಿಗೆ ಒಗ್ಗುತ್ತದೆ. ಗಾಳಿಯ ಒತ್ತಡದ ಮೇರೆಯನ್ನು ಟೈರಿನ ಪಕ್ಕದಲ್ಲಿಯೇ ಅಚ್ಚು ಹಾಕಿರುತ್ತಾರೆ. ರಸ್ತೆಗೆ ಅದರ ಮೇಲ್ಮಿತಿಯ ಸಮೀಪ ತುಂಬಿಸಿ, ಗುಡ್ಡಕ್ಕೆ ಹೊರಡುವಾಗ ಕೊಂಚ ಇಳಿಸಿದರಾಯಿತು. ಮಸಾರಿ ಭೂಮಿಯಲ್ಲಿ ಇಂಥ ಟೈರು ಸೊಗಸಾಗಿ ನಡೆಯುತ್ತದೆ. ಮಳೆ ಬಿದ್ದ ಎರೆಭೂಮಿಯಲ್ಲಾದರೋ ಯಾವ ಟೈರೂ ನಡೆಯದು. ಅಂಟಿದ ಮಣ್ಣು ಚಕ್ರವನ್ನೇ ಕಟ್ಟಿಹಾಕಿ, ಅಂದು ಸೈಕಲ್ಲೇ ಸವಾರನ ಹೆಗಲೇರುತ್ತದೆ. ಜಾಲಿಮುಳ್ಳು, ನೆಗ್ಗಿಲುಮುಳ್ಳುಗಳ ಕಾಟವಿರುವಲ್ಲಿ ಪಂಕ್ಚರಿನ ಸಾಮಗ್ರಿಯನ್ನೂ ಚಿಕ್ಕ ಪಂಪನ್ನೂ ಸೈಕಲ್ಲಿನೊಡನೆಯೇ ಕೊಳ್ಳಬೇಕು.

ಟೈರು ಬದಲಿಸುವಾಗ ಒಂದು ಎಚ್ಚರಿಕೆ ಅಗತ್ಯ. ‘26 ಇಂಚು’ ಎಂದು ಬರೆದ ಟೈರುಗಳೆಲ್ಲ ಒಂದೇ ಅಳತೆಯವಲ್ಲ. ದಪ್ಪ ಟೈರಿನ ಗುಡ್ಡದ ಸೈಕಲ್ಲಿನ ರಿಮ್ಮಿಗೆ 559 ಮಿಲಿಮೀಟರ್ ಅಳತೆಯ ಟೈರು ಬೇಕು. ಸಾದಾ ಸೈಕಲ್ಲಿನ 26×1⅜ ಟೈರಿನದು 590. ಇವು ಒಂದಕ್ಕೊಂದು ಹೊಂದುವುದೇ ಇಲ್ಲ. ಈಗ ಹೆಚ್ಚಾಗಿ ಬರುವ 27.5 ಇಂಚಿನ ಚಕ್ರಕ್ಕೆ 584, 29 ಇಂಚಿನದಕ್ಕೆ 622. ನಮ್ಮೂರಿನ ಅಂಗಡಿಯಲ್ಲಿ ಇವುಗಳಲ್ಲಿ ಯಾವುದು ಸಿಗುತ್ತದೆಂದು ಮೊದಲೇ ವಿಚಾರಿಸಿದರೆ, ಒಂದು ಟೈರಿಗಾಗಿ ನಗರಕ್ಕೆ ಬಸ್ ಹತ್ತುವುದು ತಪ್ಪುತ್ತದೆ.

ಇನ್ನು ಸ್ಪ್ರಿಂಗಿನ ವಿಚಾರ. ಕಡಿಮೆ ಬೆಲೆಯ ಸೈಕಲ್ಲಿಗೆ ಹಿಂದೆಯೂ ಮುಂದೆಯೂ ಸ್ಪ್ರಿಂಗು ಕೂರಿಸಿ ಮಾರುವುದುಂಟು. ಹಿಂದಿನ ಸ್ಪ್ರಿಂಗು ತೂಕವನ್ನು ಹೆಚ್ಚಿಸುತ್ತದೆ. ಏರಿನಲ್ಲಿ ತುಳಿದಾಗಲೆಲ್ಲ ತೊಟ್ಟಿಲಿನಂತೆ ತೂಗಿ ಶ್ರಮವನ್ನು ನುಂಗುತ್ತದೆ. ಅದನ್ನು ಬಿಡುವುದೇ ಲೇಸು. ಮುಂದಿನ ಫೋರ್ಕಿನಲ್ಲಿ ಮಾತ್ರ ಸ್ಪ್ರಿಂಗಿದ್ದು, ರಸ್ತೆಯಲ್ಲಿ ಅದನ್ನು ಬಿಗಿಹಿಡಿಯುವ ಲಾಕ್ ಇದ್ದರೆ ಉತ್ತಮ. ಹಣ ಸಾಲದಿದ್ದಲ್ಲಿ ಸ್ಪ್ರಿಂಗಿಲ್ಲದ ಗಟ್ಟಿ ಫೋರ್ಕನ್ನೇ ಆರಿಸಿ, ಉಳಿದ ಹಣವನ್ನು ಬ್ರೇಕಿಗೂ ಟೈರಿಗೂ ತೊಡಗಿಸುವುದು ಜಾಣತನವೆಂದು ನನ್ನ ಅಭಿಪ್ರಾಯ. ಕೆಸರಿನಲ್ಲಿ ಡಿಸ್ಕ್ ಬ್ರೇಕು ನಂಬಿಕೆಗೆ ಅರ್ಹ. ಅದರಲ್ಲಿಯೂ ತಂತಿಯಿಂದ ಎಳೆಯುವ ಬಗೆಯದನ್ನು ಊರಿನ ಮಿಸ್ತ್ರಿಯೇ ಸರಿಪಡಿಸಬಲ್ಲನು. ಗೇರುಗಳು 21 ಇವೆಯೋ 24 ಇವೆಯೋ ಎಂಬುದು ಮುಖ್ಯವಲ್ಲ. ಹಲವು ಗೇರುಗಳ ಪರಿಣಾಮ ಹೆಚ್ಚುಕಡಿಮೆ ಒಂದೇ. ಕಡಿದಾದ ಏರಿಗೆ ಹಗುರವಾಗಿ ತುಳಿಯಬಲ್ಲ ಗೇರು ಒಂದಾದರೂ ಇದೆಯೇ ಎಂದು ನೋಡಿ.

ಅಳತೆ ನೋಡಲು ಮಗುವನ್ನು ಅಂಗಡಿಗೆ ಕರೆದೊಯ್ಯಲೇಬೇಕು. ‘ಮುಂದೆ ಬೆಳೆಯುತ್ತಾನೆ’ ಎಂದು ಅಂಗಿ ಹೊಲಿಸುವಂತೆ ದೊಡ್ಡ ಸೈಕಲ್ಲು ಕೊಡಿಸುವ ರೂಢಿ ಅಪಾಯಕರ. ಸೀಟಿನ ಮುಂದೆ, ಅಡ್ಡಪಟ್ಟಿಯ ಮೇಲೆ ಕಾಲುಗಳನ್ನು ಎರಡೂ ಬದಿಗಿಟ್ಟು ನಿಂತಾಗ ತೊಡೆಸಂದಿಗೂ ಪಟ್ಟಿಗೂ ನಡುವೆ ಎರಡು ಇಂಚಾದರೂ ತೆರವಿರಬೇಕು; ಗುಡ್ಡದಲ್ಲಿ ಥಟ್ಟನೆ ಇಳಿಯಬೇಕಾದಾಗ ಪೆಟ್ಟಾಗದಂತೆ ಕಾಯುವುದು ಅದೇ. ಹಣ ಕೊಡುವ ಮುನ್ನ ಸಮೀಪದ ಏರೊಂದನ್ನು ಹತ್ತಿಸಿ, ಇಳಿಸಿ, ಎರಡೂ ಬ್ರೇಕುಗಳನ್ನು ಹಿಡಿಸಿ ನೋಡಿ. ಹೆಲ್ಮೆಟ್ಟನ್ನೂ ಹಿಂದಿನ ಕೆಂಪು ದೀಪವನ್ನೂ ಅದೇ ಬಿಲ್ಲಿನಲ್ಲಿ ಸೇರಿಸಲು ಹೇಳಿ.