ಅರ್ಧ ಮಾತು ಮಾರುವವರು

‘ಗ್ರೋತ್ ಫ್ಯಾಕ್ಟರ್’ ಎಂಬ ಮಾತು ಪ್ರಯೋಗಾಲಯ ಬಿಟ್ಟು ಕ್ಲಿನಿಕ್ಕುಗಳ ಬೋರ್ಡಿಗೆ ಬಂದಿದೆ. ಕೂದಲು ಉದುರಿದರೂ ಅದೇ, ಮೊಣಕಾಲು ಸವೆದರೂ ಅದೇ. ಜೊತೆಗೆ ‘ಸ್ಟೆಮ್ ಸೆಲ್’ ಸೇರಿದರೆ ಬಿಲ್ಲು ಇನ್ನೂ ದಪ್ಪ. ಈ ವ್ಯಾಪಾರ ನಿಂತಿರುವುದು ಒಂದು ನಂಬಿಕೆಯ ಮೇಲೆ: ಬೆಳವಣಿಗೆಯ ಸಂಕೇತ ಹೆಚ್ಚು ಕೊಟ್ಟಷ್ಟೂ ದೇಹಕ್ಕೆ ಒಳ್ಳೆಯದು, ಗದ್ದೆಗೆ ಯೂರಿಯಾ ಎರಚಿದ ಹಾಗೆ. ಇದು ಸುಳ್ಳು ಎನ್ನಲು ಮನುಷ್ಯನ ಕರುಳೇ ಸಾಕ್ಷಿ.

ಸಣ್ಣ ಕರುಳಿನ ಒಳಪದರ 3ರಿಂದ 5 ದಿನಕ್ಕೊಮ್ಮೆ ಹೊಸದಾಗುತ್ತದೆ. ಅದನ್ನು ಹೊಸದಾಗಿಸುವ ಆಕರಕೋಶಗಳು ಆ ಪದರದ ಪುಟ್ಟ ಕುಳಿಗಳ ತಳದಲ್ಲಿವೆ. ನೆದರ್ಲೆಂಡ್ಸಿನ ಹಾನ್ಸ್ ಕ್ಲೆವರ್ಸ್ ತಂಡ 2007ರಲ್ಲಿ ಇಲಿಯ ಕರುಳಿನಲ್ಲಿ ಅವನ್ನು ‘ಎಲ್‌ಜಿಆರ್5’ ಎಂಬ ಗುರುತಿನಿಂದ ಪತ್ತೆ ಹಚ್ಚಿತು. ಪಕ್ಕದ ಪನೆತ್ ಕೋಶಗಳು ‘ವಿಂಟ್’, ‘ಇಜಿಎಫ್’ ಸಂಕೇತಗಳನ್ನು ಕೊಟ್ಟು ಅವನ್ನು ಪೊರೆಯುತ್ತವೆ. ಮರಿಕೋಶ ಮೇಲಕ್ಕೆ ಸರಿದಂತೆ ವಿಂಟ್ ಕ್ಷೀಣಿಸಿ, ‘ಬಿಎಂಪಿ’ ಎಂಬ ತಡೆಯ ಸಂಕೇತ ಬಲವಾಗುತ್ತದೆ. ಕೋಶ ವಿಭಜನೆ ನಿಲ್ಲಿಸಿ, ಆಹಾರ ಹೀರುವಂಥ ತನ್ನ ಕೆಲಸಕ್ಕೆ ಇಳಿದು, ಕೆಲವೇ ದಿನಗಳಲ್ಲಿ ಉದುರಿಹೋಗುತ್ತದೆ.

ವಿಂಟ್ ಎಂಬ ಹೆಸರಿನಲ್ಲೇ ಎರಡು ಎಚ್ಚರಿಕೆಗಳಿವೆ. ಹೆಸರಿನ ಒಂದು ತುಂಡು ಬಂದದ್ದು 1970ರ ದಶಕದಲ್ಲಿ ಭಾರತದ ಆರ್.ಪಿ. ಶರ್ಮಾ ವರದಿ ಮಾಡಿದ ‘ವಿಂಗ್‌ಲೆಸ್’ ನೊಣದಿಂದ: ಜೀನ್ ಕೆಟ್ಟು ರೆಕ್ಕೆಯೇ ಮೂಡದ ಹಣ್ಣಿನ ನೊಣ. ಇನ್ನೊಂದು ತುಂಡು 1982ರಲ್ಲಿ ನುಸ್ಸೆ ಮತ್ತು ವಾರ್ಮಸ್ ಇಲಿಯ ಸ್ತನದ ಗಡ್ಡೆಯಲ್ಲಿ ಕಂಡ ‘ಇಂಟ್-1’ನಿಂದ. ಕಡಿಮೆಯಾದರೆ ರೆಕ್ಕೆಯಿಲ್ಲ, ಅತಿಯಾದರೆ ಗಡ್ಡೆ.

ಕರುಳಿನಲ್ಲಿ ವಿಂಟ್‌ಗೆ ಕಡಿವಾಣ ಹಾಕುವ ಜೀನ್ ‘ಎಪಿಸಿ’. ದೊಡ್ಡ ಕರುಳಿನ ಬಹುಪಾಲು ಕ್ಯಾನ್ಸರುಗಳಲ್ಲಿ ಅದು ಕೆಟ್ಟಿರುತ್ತದೆ. ಪುಣೆ ವಿಶ್ವವಿದ್ಯಾಲಯದ ಆವರಣದಲ್ಲಿರುವ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರ ದೇಶದ ಲ್ಯಾಬುಗಳಿಗೆ ಕೋಶಗಳನ್ನು ಪೂರೈಸುತ್ತದೆ. ಅವುಗಳಲ್ಲಿ ‘ಎಚ್‌ಟಿ-29’ ಒಂದು. ಅದು ದೊಡ್ಡ ಕರುಳಿನ ಗಡ್ಡೆಯಿಂದ ತೆಗೆದದ್ದು, ಎಪಿಸಿ ಕೆಟ್ಟದ್ದು. ಕಡಿವಾಣವಿಲ್ಲದ ಬೆಳವಣಿಗೆ ಹೇಗಿರುತ್ತದೆಂದು ಕಾಣಬೇಕಾದವರು ಆ ತಟ್ಟೆಯನ್ನೊಮ್ಮೆ ನೋಡಬೇಕು.

‘ಅಸ್ಥಿಮಜ್ಜೆ ಕಸಿ ಕೆಲಸ ಮಾಡುತ್ತದಲ್ಲ?’ ಎಂದು ಮಾರುವವರು ಕೇಳುತ್ತಾರೆ. ಹೌದು, ಮಾಡುತ್ತದೆ. ಆದ್ದರಿಂದಲೇ ರಕ್ತದ ಕಾಯಿಲೆಗಳಿಗೆ ಅದಕ್ಕೆ ಅನುಮತಿಯಿದೆ. ಆದರೆ ಐಸಿಎಂಆರ್ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಆಕರಕೋಶಗಳ ಉಳಿದ ಬಳಕೆ ಅನುಮತಿ ಪಡೆದ ಕ್ಲಿನಿಕಲ್ ಟ್ರಯಲ್‌ನಲ್ಲಷ್ಟೇ ನಡೆಯಬೇಕು. ಪುಣೆಯ ಆ ಕೇಂದ್ರ ಇದೇ ಇಲಾಖೆಗೆ ಸೇರಿದ್ದು. ಒಂದು ಅಂಗದಲ್ಲಿ ಸಿಕ್ಕ ಯಶಸ್ಸನ್ನು ತೋರಿಸಿ ಇನ್ನೊಂದು ಅಂಗಕ್ಕೆ ದುಡ್ಡು ಕೇಳುವುದು ವೈದ್ಯವಲ್ಲ.

ಈ ಮೋಸದಲ್ಲಿ ಕನ್ನಡದ ಪಾಲೂ ಇದೆ. ಇಂಗ್ಲಿಷಿನ ‘ರೆಗ್ಯುಲೇಟ್’ ಕನ್ನಡದ ಸುದ್ದಿಗೆ ಬರುವಾಗ ‘ಪ್ರಚೋದಿಸು’ ಆಗಿಬಿಟ್ಟರೆ, ನೂಕುವುದಷ್ಟೇ ಉಳಿದು ತಡೆಯುವುದು ಬಿದ್ದುಹೋಗುತ್ತದೆ. ಓದುವವನ ಕೈಗೆ ಅರ್ಧ ವಾಕ್ಯ ಸಿಗುತ್ತದೆ, ಕ್ಲಿನಿಕ್ಕು ಆ ಅರ್ಧವನ್ನೇ ಮಾರುತ್ತದೆ. ಹದ ಎಂಬ ಮಾತು ಬೆಲ್ಲದ ಪಾಕಕ್ಕೂ ಉತ್ತ ನೆಲಕ್ಕೂ ಒಗ್ಗಿದೆ, ಕರುಳಿಗೂ ಒಗ್ಗುತ್ತದೆ. ಸಂಕೇತಗಳು ಆಕರಕೋಶವನ್ನು ಹದದಲ್ಲಿಡುತ್ತವೆ ಎಂದು ಬರೆಯಲು ಯಾವ ನಿಘಂಟೂ ಬೇಕಿಲ್ಲ. ಹಾಗೆ ಓದಿದವನು ಚಿಕಿತ್ಸೆಗೆ ದುಡ್ಡು ಕಟ್ಟುವ ಮುನ್ನ ಒಂದು ಪ್ರಶ್ನೆ ಕೇಳಿಯಾನು: ‘ಬೆಳೆಸುತ್ತೀರಿ ಸರಿ, ನಿಲ್ಲಿಸುವವರು ಯಾರು?’