ಓಡುವ ಕಾಲಿಗೆ ಯಾವ ಶೂ?



ಪಡುಬಿದ್ರಿಯಲ್ಲಿ ಪರಿಚಯದ ತಾಯಿಯೊಬ್ಬರು ಕುಂಟುತ್ತಿದ್ದ ಮಗಳನ್ನು ನನ್ನ ಬಳಿಗೆ ಕರೆತಂದರು. ಮಣಿಪಾಲ ಮ್ಯಾರಥಾನ್‌ನ 10 ಕಿ.ಮೀ. ಓಟಕ್ಕೆ ಅವಳು ತಯಾರಿ ನಡೆಸುತ್ತಿದ್ದಳು. ಈಗ ಮೀನಖಂಡದಲ್ಲೂ ಹಿಮ್ಮಡಿಯ ಹಿಂಭಾಗದಲ್ಲೂ ನೋವು. "ಹೆಣ್ಣುಮಕ್ಕಳಿಗೆ ಈ ಓಟವೆಲ್ಲ ಯಾಕೆ ಟೀಚರೇ? ನೀವಾದರೂ ಬುದ್ಧಿ ಹೇಳಿ" ಎಂದರು ಉಮ್ಮ.

ಪ್ರವಾದಿವರ್ಯರು(ಸ) ಹ. ಆಯಿಶಾ(ರ)ರೊಂದಿಗೆ ಓಟದ ಪಂದ್ಯ ನಡೆಸಿದ್ದು ಅಬೂದಾವೂದ್‌ನ ಹದೀಸ್‌ನಲ್ಲಿದೆ. ಮೊದಲ ಸಲ ಗೆದ್ದವರು ಆಯಿಶಾ(ರ). ಅದನ್ನು ಉಮ್ಮನಿಗೆ ನೆನಪಿಸಿ, ನಾನು ಹುಡುಗಿಯ ಶೂ ತರಿಸಿ ನೋಡಿದೆ. ಹೊಸದು, ತೆಳುವಾದ ಚಪ್ಪಟೆ ತಳದ್ದು. ಬರಿಗಾಲಿನಂಥ ಶೂ ಒಳ್ಳೆಯದೆಂದು ಯಾರೋ ಹೇಳಿದ್ದರಂತೆ. ದಪ್ಪ ಹಿಮ್ಮಡಿಯ ಹಳೆಯ ಶೂ ಬಿಟ್ಟು ಎರಡೇ ವಾರವಾಗಿತ್ತು. ಓಡುವ ದೂರವನ್ನು ಮಾತ್ರ ಕಡಿಮೆ ಮಾಡಿರಲಿಲ್ಲ.

ಓಡುವಾಗ ಪ್ರತಿ ಹೆಜ್ಜೆಗೂ ಕಾಲಿನ ಮೇಲೆ ದೇಹದ ತೂಕದ ಸುಮಾರು ಎರಡರಿಂದ ಮೂರು ಪಟ್ಟು ಭಾರ ಬೀಳುತ್ತದೆ. 10 ಕಿ.ಮೀ.ಗೆ ಅಂಥ ಹೆಜ್ಜೆಗಳು ಸಾವಿರಾರು. ಯಾವ ಶೂ ಕೂಡ ಈ ಭಾರವನ್ನು ಇಲ್ಲವಾಗಿಸದು, ಸ್ಥಳ ಬದಲಿಸುತ್ತದೆ ಅಷ್ಟೇ. ಸೊಂಟದ ಕೊಡವನ್ನು ತಲೆಗೇರಿಸಿದರೆ ನೀರು ಕಡಿಮೆಯಾಗುತ್ತದೆಯೇ?

ಸಾಮಾನ್ಯ ಓಟದ ಶೂಗಳಲ್ಲಿ ಹಿಮ್ಮಡಿಯ ಭಾಗ ಮುಂಭಾಗಕ್ಕಿಂತ 10-12 ಮಿ.ಮೀ. ಎತ್ತರವಿರುವುದುಂಟು. ಅದನ್ನು ತೊಟ್ಟವರು ಹೆಚ್ಚಾಗಿ ಹಿಮ್ಮಡಿ ಊರಿ ಓಡುತ್ತಾರೆ. ಮೊಣಕಾಲಿಗೆ ಕೆಲಸ ಹೆಚ್ಚು. ಬರಿಗಾಲಲ್ಲೇ ಓಡಿ ಅಭ್ಯಾಸವಿರುವವರು ಹೆಚ್ಚಾಗಿ ಪಾದದ ಮುಂಭಾಗವನ್ನು ಮೊದಲು ಊರುತ್ತಾರೆಂದು ಹಾರ್ವರ್ಡ್‌ನ ಡೇನಿಯಲ್ ಲೀಬರ್‌ಮನ್ ಮತ್ತು ಸಂಗಡಿಗರು 2010ರಲ್ಲಿ 'ನೇಚರ್' ಪತ್ರಿಕೆಯಲ್ಲಿ ತೋರಿಸಿಕೊಟ್ಟರು. ಹಾಗೆ ಓಡಿದರೆ ಮೊಣಕಾಲಿಗೆ ಹಗುರ, ಆದರೆ ಮೀನಖಂಡಕ್ಕೂ ಹಿಮ್ಮಡಿಯ ನರಕ್ಕೂ ಭಾರ. ನಮ್ಮ ಹುಡುಗಿಗೆ ನೋವಿದ್ದುದು ಅಲ್ಲಿಯೇ!

ನಮ್ಮ ಕಂಬಳದ ಓಟಗಾರರು ಬರಿಗಾಲಲ್ಲಿ ಓಡುವುದಿಲ್ಲವೇ ಎಂದು ನೀವು ಕೇಳಬಹುದು. ಅದು ಕೆಸರಿನಲ್ಲಿ ನೂರು-ನೂರೈವತ್ತು ಮೀಟರ್‌ನ ಓಟ. ಡಾಮರು ರಸ್ತೆಯ 10 ಕಿ.ಮೀ. ಬೇರೆಯೇ ಮಾತು.

ಆದ್ದರಿಂದ ಶೂವಿನ ಬಗೆ ಬದಲಿಸುವುದಾದರೆ ನಿಧಾನವಾಗಿ ಬದಲಿಸಿರಿ. ಹೊಸದರಲ್ಲಿ ಮೊದಲು ಸ್ವಲ್ಪವೇ ದೂರ, ಉಳಿದದ್ದು ಹಳೆಯದರಲ್ಲಿ. ಅಣ್ಣನ ಶೂ ತಂಗಿಗೆ ಕೊಡಬೇಡಿ. ಸಂಜೆ ಪಾದ ತುಸು ಊದಿಕೊಂಡಿರುವಾಗ ತೊಟ್ಟು ನೋಡಿ, ಬೆರಳುಗಳ ಮುಂದೆ ಹೆಬ್ಬೆರಳಿನಗಲ ಜಾಗವಿರಲಿ. ಬೆಲೆಯನ್ನು ನೋಡಬೇಡಿ, ಕಾಲಿಗೆ ಹಿತವೆನಿಸುವುದನ್ನು ಆರಿಸಿ.

ಒಂದೇ ಕಾಲಿಗೆ ಚಪ್ಪಲಿ ಹಾಕಿ ನಡೆಯಬಾರದು, ಎರಡನ್ನೂ ತೊಡಬೇಕು ಇಲ್ಲವೇ ಎರಡನ್ನೂ ಕಳಚಬೇಕು ಎಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಎರಡು ಕಾಲುಗಳ ನಡುವಿನ ಈ ನ್ಯಾಯ ನಮ್ಮ ಕಡಲತೀರದಲ್ಲೂ ನೆನಪಿರಲಿ. ಮರಳು ಇಳಿಜಾರು. ಉತ್ತರಕ್ಕೆ ಓಡಿದರೆ ಎಡಗಾಲು ತಗ್ಗಿನಲ್ಲಿ ಬೀಳುತ್ತದೆ. ಬಂದ ದಾರಿಯಲ್ಲೇ ಮರಳಿದರೆ ಎರಡಕ್ಕೂ ಸಮಪಾಲು.

ಹುಡುಗಿಗೆ ವಿಶ್ರಾಂತಿ ಹೇಳಿದೆ. ನೋವು ಇಳಿಯದಿದ್ದರೆ, ಅಥವಾ ಎಲುಬಿನ ಒಂದೇ ಕಡೆ ಒತ್ತಿದಾಗ ನೋಯುತ್ತಿದ್ದರೆ, ವೈದ್ಯರಿಗೆ ತೋರಿಸಲೇಬೇಕೆಂದೂ ಹೇಳಿದೆ. ಉಮ್ಮ ಹಳೆಯ ಶೂಗಳನ್ನು ತೊಳೆದು ಒಣಗಲು ಇಟ್ಟಿದ್ದಾರಂತೆ.

ಸಹೋದರಿಯರೇ, ಆರೋಗ್ಯವಂತ ಕಾಲು ಅಲ್ಲಾಹನ ಅಮಾನತ್ತು. ನಿಮ್ಮ ಮಗಳ ಕಾಲು ನೋಯುವಾಗ ಅವಳ ಓಟ ನಿಲ್ಲಿಸುವ ಮೊದಲು ಅವಳ ಶೂ ನೋಡಿರಿ.