ರಿಪೋರ್ಟ್ ತಾನಾಗೇ ತೆರ್ಕೊಳ್ಳೋದು ಬೇಡ (ಆಫೀಸ್ ಪಾಠ, ಭಾಗ 7)

ಇಂಟರ್ನ್‌ಶಿಪ್ ಶುರು ಮಾಡಿರೋ ಬಿಕಾಂ, ಬಿಬಿಎ ಗೆಳೆಯರೇ, ಇವತ್ತಿನ ಭಾಗ ನಿಮಗೇ. 👇

ಬಿಲ್ಲಿಂಗ್ ಇರಲಿ, ಸಂಬಳದ ಸಾಫ್ಟ್‌ವೇರ್ ಇರಲಿ, ಎಕ್ಸ್‌ಪೋರ್ಟ್ ಒತ್ತಿದ ತಕ್ಷಣ ಎಕ್ಸೆಲ್ ತಾನಾಗೇ ತೆರ್ಕೊಂಡ್ರೆ ಖುಷಿ ಆಗುತ್ತೆ. ಒಂದು ಕ್ಲಿಕ್ ಉಳೀತಲ್ಲ! ನನ್ನ ಅಭಿಪ್ರಾಯ ಮಾತ್ರ ಉಲ್ಟಾ. ಆ ಆಯ್ಕೆ ಆಫ್ ಆಗಿರಬೇಕು. ಫೈಲ್ ಮೊದಲು ಸೇವ್ ಆಗಲಿ. ಯಾವಾಗ, ಹೇಗೆ ತೆರೀಬೇಕು ಅನ್ನೋದನ್ನ ನೀವು ತೀರ್ಮಾನ ಮಾಡಿ.

1️⃣ ತೆರೆಯೋದು ಅಂದ್ರೆ ಬರೀ ನೋಡೋದಲ್ಲ. ರಿಪೋರ್ಟ್ ಸಿಎಸ್‌ವಿ ಫೈಲ್ ಆಗಿದ್ರೆ, ಎಕ್ಸೆಲ್ ಅದನ್ನ ತೆರೆಯುವಾಗಲೇ ತನ್ನ ಊಹೆ ಸೇರಿಸುತ್ತೆ. ಕಾಫಿಯ ಎಚ್‌ಎಸ್‌ಎನ್ ಕೋಡ್ 0901. ತೆರೆದ ಮೇಲೆ ನೋಡಿ, 901! ಮುಂದಿನ ಸೊನ್ನೆ ಮಾಯ. 16 ಅಂಕಿಯ ಬ್ಯಾಂಕ್ ಖಾತೆ ಸಂಖ್ಯೆ ಇದ್ರೆ ಇನ್ನೂ ಕಷ್ಟ. ಎಕ್ಸೆಲ್ ಸಂಖ್ಯೆಯಲ್ಲಿ 15 ಅಂಕಿ ಮಾತ್ರ ಉಳಿಸ್ಕೊಳ್ಳುತ್ತೆ, 16ನೆಯದು ಸೊನ್ನೆ ಆಗಿಬಿಡುತ್ತೆ. ಸೇವ್ ಮಾಡದೆ ಮುಚ್ಚಿದ್ರೆ ಬಚಾವ್. ಅಭ್ಯಾಸಬಲದಿಂದ ಕಂಟ್ರೋಲ್ ಎಸ್ ಒತ್ತಿದ್ರೆ ಮೂಲ ಅಂಕಿ ಆ ಫೈಲ್‌ನಿಂದ ಹೋಯ್ತು. ಅದೇ ಪಟ್ಟಿ ಸಂಬಳ ಹಾಕೋಕೆ ಬ್ಯಾಂಕಿಗೆ ಹೋದ್ರೆ? ತಿಂಗಳ ಕೊನೆಗೆ ಯಾರದೋ ಮನೆ ಬಾಡಿಗೆ ನಿಲ್ಲುತ್ತೆ.

ಇದು ಸಣ್ಣ ಆಫೀಸಿನ ತಲೆನೋವು ಅಷ್ಟೇ ಅನ್ಕೋಬೇಡಿ. ಎಕ್ಸೆಲ್ ಕೆಲವು ಜೀನ್ ಹೆಸರುಗಳನ್ನ ತಾರೀಖು ಅಂತ ತಿಳ್ಕೊಂಡು ಬದಲಾಯಿಸ್ತಿತ್ತು. ಕೊನೆಗೆ 2020ರಲ್ಲಿ ಮಾನವ ಜೀನ್‌ಗಳಿಗೆ ಹೆಸರಿಡೋ ಸಮಿತಿ, ಅಂಥ ಹೆಸರುಗಳನ್ನೇ ಬದಲಿಸಿರೋದನ್ನ ಹೇಳ್ತು. ವಿಜ್ಞಾನಿಗಳೇ ಸೋತು ಹೆಸರು ಬದಲಿಸಿದ ಮೇಲೆ ನಮ್ಮ ಪಾಡೇನು?

2️⃣ ಫೈಲ್ ಲಾಕ್ ಆಗುತ್ತೆ. ಹಳೇ ರಿಪೋರ್ಟ್ ಎಕ್ಸೆಲ್‌ನಲ್ಲಿ ತೆರೆದೇ ಇದೆ, ನೀವು ಅದೇ ಹೆಸರಲ್ಲಿ ಮತ್ತೆ ಎಕ್ಸ್‌ಪೋರ್ಟ್ ಮಾಡ್ತೀರಿ. ವಿಂಡೋಸ್ ಬರೆಯೋಕೆ ಬಿಡಲ್ಲ, ಎರರ್ ಬರುತ್ತೆ. ಎರರ್ ಓದದೆ ಮುಚ್ಚಿದವರ ಕಣ್ಮುಂದೆ ಇರೋದು ಹಳೇ ಲೆಕ್ಕ.

3️⃣ ಪಕ್ಕದಲ್ಲಿ ಕಣ್ಣುಗಳಿವೆ. ಮೀಟಿಂಗಲ್ಲಿ ಸ್ಕ್ರೀನ್ ಶೇರ್ ಆಗಿರುವಾಗ ಎಲ್ಲರ ಸಂಬಳದ ಪಟ್ಟಿ ದಿಢೀರ್ ಅಂತ ತೆರ್ಕೊಂಡ್ರೆ ಯಾರು ಹೊಣೆ?

"ಆಫ್ ಮಾಡಿದ್ರೆ ಫೈಲ್ ಎಲ್ಲಿ ಹೋಯ್ತು ಅಂತ ಹುಡುಕಬೇಕಲ್ಲ" ಅಂತೀರಾ? ನ್ಯಾಯವಾದ ಮಾತು. ಆದ್ರೆ ಅದಕ್ಕೆ ಮದ್ದು ಬೇರೆ ಇದೆ: ಒಂದೇ ಫೋಲ್ಡರ್, ಹೆಸರಲ್ಲಿ ತಾರೀಖು. ಇವತ್ತಿನ ಮಾರಾಟ ಎಷ್ಟು ಅಂತ ಒಮ್ಮೆ ಇಣುಕಿ ನೋಡೋ ಕೆಲಸಕ್ಕೆ ತಾನಾಗೇ ತೆರ್ಕೊಂಡ್ರೂ ತೊಂದ್ರೆ ಇಲ್ಲ. ಬೇರೆಯವರಿಗೆ ಕಳಿಸೋ, ಕಡತದಲ್ಲಿ ಇಡೋ ರಿಪೋರ್ಟಿಗೆ ಬೇಡ.

ಹಾಗಾದ್ರೆ ಏನು ಮಾಡೋದು?
✅ ಸಾಫ್ಟ್‌ವೇರಿನ ಎಕ್ಸ್‌ಪೋರ್ಟ್ ಸೆಟ್ಟಿಂಗ್ಸಲ್ಲಿ ಮೊದಲು ಹುಡುಕಿ. ಆಫೀಸಿನ ಕಂಪ್ಯೂಟರ್ ಆದ್ರೆ ಸೀನಿಯರ್‌ಗೆ ಒಂದು ಮಾತು ಕೇಳಿ.
✅ ಬ್ರೌಸರ್ ತೆರೀತಿದ್ರೆ, ಕ್ರೋಮ್ ಸೆಟ್ಟಿಂಗ್ಸಿನ ಡೌನ್‌ಲೋಡ್ಸ್ ಭಾಗದಲ್ಲಿ ಅದನ್ನ ಕ್ಲಿಯರ್ ಮಾಡಿ.
✅ ಸಿಎಸ್‌ವಿಯನ್ನ ಡಬಲ್ ಕ್ಲಿಕ್ ಮಾಡಬೇಡಿ. ಖಾಲಿ ಎಕ್ಸೆಲ್ ತೆರೆದು, ಡೇಟಾ ಮೆನುವಿನಿಂದ ತನ್ನಿ. ಕೋಡ್, ಖಾತೆ ಸಂಖ್ಯೆಯ ಕಾಲಂಗಳನ್ನ ಟೆಕ್ಸ್ಟ್ ಅಂತ ಆರಿಸಿ. ಕನ್ನಡದ ಹೆಸರುಗಳು ವಿಚಿತ್ರ ಚಿಹ್ನೆಗಳಾಗಿ ಕಂಡ್ರೆ ಅಲ್ಲೇ ಯುಟಿಎಫ್-8 ಆರಿಸಿ.

ಉಳಿಯೋದು ಎರಡು ಸೆಕೆಂಡ್. ಹೋದ್ರೆ ಹೋಗೋದು ಇನ್ನೊಬ್ಬರ ದುಡ್ಡು, ನಿಮ್ಮ ಮೇಲಿನ ನಂಬಿಕೆ. ಲೆಕ್ಕ ಓದಿರೋರು ನೀವೇ, ಯಾವುದು ದುಬಾರಿ ಹೇಳಿ?

ನಿಮ್ಮ ಕಂಪ್ಯೂಟರಲ್ಲಿ ಇದು ಆನ್ ಇದೆಯಾ, ಆಫ್ ಇದೆಯಾ? ಕಾಮೆಂಟಲ್ಲಿ ಹಾಕಿ. ಇಂಟರ್ನ್‌ಶಿಪ್ ಮಾಡ್ತಿರೋ ಫ್ರೆಂಡನ್ನ ಟ್ಯಾಗ್ ಮಾಡಿ. 🙌

#ಆಫೀಸ್‌ಪಾಠ #ಕನ್ನಡದಲ್ಲಿ_ಎಕ್ಸೆಲ್ #ಬಿಕಾಂಬದುಕು